ಎರಡು ಕಾರ್ಡ್‌ಗಳ ನಡುವಿನ ಜಾಗ

ನಾನು ಈಗ ಗಿಟಾರಿನಲ್ಲಿ ನುಡಿಸಿದ್ದು ಸಿ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಒಂದು ಗುಂಪು. ಮುಂದಿನ ಸಾಲಿನಲ್ಲಿರುವವರು ನನ್ನ ಎಡಗೈಯನ್ನು ಗಮನಿಸಬಹುದು (ಬೆರಳು ಆಡುವ ಹಲಗೆಯ ಮೇಲಿನ ಲೋಹದ ಪಟ್ಟಿಗಳನ್ನೂ ಅವುಗಳ ನಡುವಿನ ಮನೆಗಳನ್ನೂ ಫ್ರೆಟ್ ಎನ್ನುತ್ತಾರೆ): ಉಂಗುರ ಬೆರಳು ಐದನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿದೆ, ನಡುಬೆರಳು ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್‌ನಲ್ಲಿದೆ, ತೋರುಬೆರಳು ಎರಡನೆಯ ತಂತಿಯ ಮೊದಲನೆಯ ಫ್ರೆಟ್‌ನಲ್ಲಿದೆ. ಮೂರನೆಯ ತಂತಿಗೂ ಒಂದನೆಯ ತಂತಿಗೂ ಬೆರಳಿಲ್ಲ. ಅವು ತಮ್ಮಷ್ಟಕ್ಕೆ ತಾವು ನುಡಿಯಬೇಕು. ಗಿಟಾರಿನಲ್ಲಿ ಎಲ್ಲಕ್ಕಿಂತ ತೆಳುವಾದ ತಂತಿಯನ್ನು ಒಂದನೆಯದೆಂದೂ ಎಲ್ಲಕ್ಕಿಂತ ದಪ್ಪನೆಯದನ್ನು ಆರನೆಯದೆಂದೂ ಎಣಿಸುತ್ತಾರೆ. ಎರಡೂವರೆ ವರ್ಷದ ಹಿಂದೆ, ನನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಇದೇ ಕಾರ್ಡನ್ನು ಹಿಡಿಯಲು ಕಲಿಯುವಾಗ ಹತ್ತೊಂಬತ್ತು ದಿನಗಳ ಕಾಲ ಆ ಒಂದನೆಯ ತಂತಿ ನುಡಿಯಲಿಲ್ಲ. ಮೀಟಿದಾಗಲೆಲ್ಲ ಒಣಕಡ್ಡಿ ಮುರಿದ ಹಾಗೆ ಟಪ್ಪೆಂಬ ಸದ್ದು ಬರುತ್ತಿತ್ತು. ಬೆರಳನ್ನು ಇನ್ನಷ್ಟು ಬಲವಾಗಿ ಒತ್ತಿದೆ. ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿ ಉರಿ ಹತ್ತಿತೇ ಹೊರತು ಸ್ವರ ಹೊರಡಲಿಲ್ಲ. ಇಪ್ಪತ್ತನೆಯ ದಿನ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಾಗ ಕಾರಣ ಕಂಡಿತು. ತೋರುಬೆರಳಿನ ತುದಿ ಸರಿಯಾದ ಜಾಗದಲ್ಲಿಯೇ ಇತ್ತು, ಆದರೆ ಅದರ ಮೆತ್ತನೆಯ ಭಾಗ ಕೂದಲೆಳೆಯಷ್ಟು ಕೆಳಗೆ ಬಾಗಿ ಪಕ್ಕದ ತಂತಿಯನ್ನು ಮುಟ್ಟುತ್ತಿತ್ತು. ಗೆಣ್ಣನ್ನು ಒಂದು ಅಕ್ಕಿಕಾಳಿನಷ್ಟು ಮೇಲೆತ್ತಿದೆ. ತಂತಿ ನುಡಿಯಿತು.

ಆ ಒಂದು ಸ್ವರ ಕೇಳಿಸಿದಾಗ ನನಗಾದ ಸಂತೋಷ ಎಷ್ಟೆಂಬುದನ್ನು ನಾನು ಮನೆಯವರಿಗೂ ವಿವರಿಸಲಾರದೆ ಹೋದೆ. ಕೇಳುವವರಿಗೆ ಅದು ಒಂದು ತಂತಿಯ ಸದ್ದು ಮಾತ್ರ. ಕಲಿಯುವವನಿಗೆ ಅದರ ಹಿಂದೆ ಹತ್ತೊಂಬತ್ತು ಸಂಜೆಗಳಿರುತ್ತವೆ. ಇಂಥ ಚಿಕ್ಕ ಚಿಕ್ಕ ಸಂತೋಷಗಳನ್ನು ಗುರುತಿಸಲು ಬಂದವರು ಮಾತ್ರ ಗಿಟಾರಿನ ಮೊದಲ ವರ್ಷವನ್ನು ದಾಟುತ್ತಾರೆ ಎಂದು ನಾನು ನಂಬಿದ್ದೇನೆ. ಹಾಗಾಗಿ ಇಂದು ನಾನು ದೊಡ್ಡ ವಾದಕರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಡ್ ಅಭ್ಯಾಸವೆಂಬ ದಿನನಿತ್ಯದ ಕೆಲಸದಲ್ಲಿ ಏರಿಕೆ ಎಲ್ಲಿ ಕಾಣಿಸುತ್ತದೆ, ಅದನ್ನು ಕಾಣುವುದು ಹೇಗೆ ಎಂಬುದನ್ನಷ್ಟೇ ಹೇಳುತ್ತೇನೆ.

ನಿಮ್ಮಲ್ಲಿ ಹಲವರು ಕರ್ನಾಟಕ ಸಂಗೀತ ಕೇಳಿ ಬೆಳೆದವರಾದ್ದರಿಂದ ಮೊದಲು ಕಾರ್ಡ್ ಎಂದರೇನೆಂಬುದನ್ನು ನಮ್ಮ ಪರಿಭಾಷೆಯಲ್ಲಿಯೇ ಹೇಳಿಬಿಡುತ್ತೇನೆ. ನಾನು ಹತ್ತು ಹನ್ನೆರಡರ ವಯಸ್ಸಿನಲ್ಲಿ ಸಾಗರದಲ್ಲಿದ್ದ ನನ್ನ ಸೋದರತ್ತೆಯ ಬಳಿ ಎರಡು ವರ್ಷ ವೀಣೆ ಕಲಿತಿದ್ದೆ. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳಿರುತ್ತವೆ. ನಾವು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುತ್ತೇವೆ, ಎಳೆಯುತ್ತೇವೆ, ಜಾರುತ್ತೇವೆ, ಗಮಕದಿಂದ ಆ ಸ್ವರಕ್ಕೆ ಜೀವ ಕೊಡುತ್ತೇವೆ. ಕಾರ್ಡಿನಲ್ಲಿ ನಡೆಯುವುದು ಬೇರೆ. ಷಡ್ಜ, ಅಂತರ ಗಾಂಧಾರ, ಪಂಚಮ ಈ ಮೂರನ್ನೂ ಒಂದೇ ಕಾಲದಲ್ಲಿ ನುಡಿಸಿದರೆ ಅದು ಮೇಜರ್ ಕಾರ್ಡ್. ಅಂತರ ಗಾಂಧಾರದ ಬದಲು ಸಾಧಾರಣ ಗಾಂಧಾರವನ್ನಿಟ್ಟರೆ ಅದೇ ಮೈನರ್ ಕಾರ್ಡ್ ಆಗುತ್ತದೆ. ಒಂದೇ ಒಂದು ಸ್ವರಸ್ಥಾನ ಕೆಳಗಿಳಿದರೆ ಇಡೀ ಕಾರ್ಡಿನ ಮುಖಭಾವ ಬದಲಾಗುತ್ತದೆ. ಕೇಳಿ, ಇದು ಇ ಮೇಜರ್. ಈಗ ಮೂರನೆಯ ತಂತಿಯ ಮೇಲಿದ್ದ ಒಂದು ಬೆರಳನ್ನು ಎತ್ತಿದೆ, ಇದು ಇ ಮೈನರ್. ಒಂದು ಬೆರಳು ಎತ್ತಿದ್ದಕ್ಕೆ ಬೆಳಗಿನ ಬಿಸಿಲಿನಲ್ಲಿದ್ದ ಅಂಗಳಕ್ಕೆ ಮೋಡ ಕವಿದಂತಾಯಿತು. ಹೊಸದಾಗಿ ಕಲಿಯುವವರು ಈ ಎರಡನ್ನೂ ಒಂದಾದ ಮೇಲೊಂದು ನುಡಿಸುತ್ತಾ ಸುಮ್ಮನೆ ಕೇಳುತ್ತಾ ಕುಳಿತರೂ ಒಂದು ಸಂಜೆ ಸಾರ್ಥಕವಾಗುತ್ತದೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಗಿಟಾರ್ ಕಲಿಯುವವರು ಸಾಮಾನ್ಯವಾಗಿ ‘ನನಗೆ ಎಂಟು ಕಾರ್ಡ್ ಬರುತ್ತದೆ’ ಎಂದು ಲೆಕ್ಕ ಹೇಳುತ್ತಾರೆ. ನಾನೂ ಮೊದಲ ಎರಡು ತಿಂಗಳು ಹಾಗೆಯೇ ಹೇಳಿಕೊಳ್ಳುತ್ತಿದ್ದೆ. ಚಿತ್ರ ನೋಡಿ ಬೆರಳಿಟ್ಟು, ಸಾವಕಾಶವಾಗಿ ಜೋಡಿಸಿಕೊಂಡು, ಒಮ್ಮೆ ಮೀಟಿದರೆ ಯಾವ ಕಾರ್ಡಾದರೂ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆದರೆ ಹಾಡು ನಮಗಾಗಿ ಕಾಯುವುದಿಲ್ಲ. ಎ ಮೈನರ್‌ನಿಂದ ಸಿ ಮೇಜರ್‌ಗೆ ಹೋಗಬೇಕಾದಾಗ ತಾಳದ ಮುಂದಿನ ಪೆಟ್ಟು ಬೀಳುವುದರೊಳಗೆ ಬೆರಳುಗಳು ಅಲ್ಲಿಗೆ ತಲುಪಿರಬೇಕು. ಕಲಿಕೆ ನಡೆಯುವುದು ಆ ನಡುವಿನ ಜಾಗದಲ್ಲಿ. ಮೊದಲ ವಾರ ನನ್ನ ಎರಡು ಕಾರ್ಡ್‌ಗಳ ನಡುವೆ ನಾಲ್ಕು ಎಣಿಕೆಯಷ್ಟು ಮೌನ ಬೀಳುತ್ತಿತ್ತು. ಆ ಮೌನ ಮೂರಕ್ಕೆ ಇಳಿಯಿತು, ಎರಡಕ್ಕೆ ಇಳಿಯಿತು, ಒಂದು ದಿನ ಇಲ್ಲವಾಯಿತು. ನಾನು ಏರಿಕೆ ಎಂದು ಕರೆಯುವುದು ಆ ಮೌನ ಕರಗುವುದನ್ನು.

ಅದನ್ನು ಅಳೆಯಲು ಒಂದು ಸರಳ ಪದ್ಧತಿಯಿದೆ. ಗಿಟಾರ್ ಕಲಿಸುವವರಲ್ಲಿ ಇದು ಬಹಳ ಬಳಕೆಯಲ್ಲಿದೆ, ನನಗೆ ಹೇಳಿಕೊಟ್ಟವರು ನಮ್ಮ ಮೇಷ್ಟ್ರು. ಅವರಿಗೆ ಇಪ್ಪತ್ತನಾಲ್ಕು ವರ್ಷ. ಅವರು ನನ್ನನ್ನು ‘ಸರ್’ ಎನ್ನುತ್ತಾರೆ, ನಾನು ಅವರನ್ನು ‘ಮೇಷ್ಟ್ರೇ’ ಎನ್ನುತ್ತೇನೆ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟುಕೊಂಡು, ಎರಡೇ ಎರಡು ಕಾರ್ಡ್‌ಗಳ ನಡುವೆ ಹೋಗಿ ಬರುತ್ತಾ, ಎಷ್ಟು ಬಾರಿ ಬದಲಾಯಿಸಿದೆವೆಂದು ಎಣಿಸಿ ಬರೆದಿಡಬೇಕು. ಇಷ್ಟೇ. ನನ್ನ ಪುಸ್ತಕ ಇಲ್ಲಿದೆ, ಓದುತ್ತೇನೆ. ಎ ಮೈನರ್ ಮತ್ತು ಸಿ: ಮೊದಲ ದಿನ 11. ಒಂದು ವಾರದ ಮೇಲೆ 17. ಎರಡನೆಯ ವಾರದ ಕೊನೆಗೆ 24. ಆಮೇಲೆ ನೋಡಿ, ಹತ್ತು ದಿನ 24, 23, 25, 24, ಮತ್ತೆ 24.

ಆ ಹತ್ತು ದಿನಗಳಲ್ಲಿ ಹೆಚ್ಚಿನವರು ಗಿಟಾರನ್ನು ಚೀಲಕ್ಕೆ ಹಾಕಿ ಬೀರುವಿನ ಮೇಲಿಡುತ್ತಾರೆ. ನಾನೂ ಹೆಚ್ಚು ದೂರದಲ್ಲಿರಲಿಲ್ಲ. ಆಗ ಮೇಷ್ಟ್ರು ನನಗೆ ಅಭ್ಯಾಸ ಹೆಚ್ಚಿಸಿ ಎಂದು ಹೇಳಲಿಲ್ಲ. ಹದಿನೈದು ನಿಮಿಷ ನನ್ನ ಬೆರಳುಗಳನ್ನೇ ನೋಡುತ್ತಾ ಕುಳಿತರು. ಆಮೇಲೆ ಹೇಳಿದರು: ‘ಸರ್, ನೀವು ಪ್ರತಿ ಸಲ ಮೂರೂ ಬೆರಳು ಎತ್ತುತ್ತೀರಿ. ಎರಡು ಬೆರಳು ಎಲ್ಲಿಗೂ ಹೋಗಬೇಕಾಗಿಲ್ಲವಲ್ಲ.’ ಅದು ನಿಜ. ಎ ಮೈನರ್‌ನಲ್ಲಿ ತೋರುಬೆರಳು ಎರಡನೆಯ ತಂತಿಯ ಮೊದಲ ಫ್ರೆಟ್‌ನಲ್ಲಿರುತ್ತದೆ, ನಡುಬೆರಳು ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್‌ನಲ್ಲಿರುತ್ತದೆ. ಸಿ ಮೇಜರ್‌ನಲ್ಲಿಯೂ ಅವೆರಡರ ಜಾಗ ಅದೇ. ಉಂಗುರ ಬೆರಳೊಂದೇ ಮೂರನೆಯ ತಂತಿಯಿಂದ ಎದ್ದು ಐದನೆಯ ತಂತಿಯ ಮೂರನೆಯ ಫ್ರೆಟ್‌ಗೆ ಹೋಗಬೇಕು. ಎರಡು ಬೆರಳುಗಳನ್ನು ನೆಟ್ಟ ಹಾಗೆ ಬಿಟ್ಟು ಒಂದನ್ನೇ ನಡೆಸಿದಾಗ ಮೊದಲು ಎಣಿಕೆ 20ಕ್ಕೆ ಕುಸಿಯಿತು, ಏಕೆಂದರೆ ಹಳೆಯ ಅಭ್ಯಾಸವನ್ನು ಬಿಡುವುದಕ್ಕೂ ಸಮಯ ಬೇಕು. ನಾಲ್ಕನೆಯ ದಿನ ಅದು 33 ಆಯಿತು. ಆ ಹತ್ತು ದಿನ ನಾನು ನಿಂತಿದ್ದೇನೆಂದು ಭಾವಿಸಿದ್ದೆ. ನಿಜವಾಗಿ ನಾನು ಒಂದು ತಪ್ಪನ್ನು ಬಹಳ ಅಚ್ಚುಕಟ್ಟಾಗಿ ಗಟ್ಟಿಮಾಡಿಕೊಳ್ಳುತ್ತಿದ್ದೆ.

ಇಲ್ಲಿ ಕೈಗೆ ಕಲಿಕೆ ಹೇಗೆ ಇಳಿಯುತ್ತದೆ ಎಂಬ ಬಗ್ಗೆ ಎರಡು ಮಾತು. ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1967ರಲ್ಲಿ ಕೌಶಲ ಕಲಿಕೆಯನ್ನು ಮೂರು ಹಂತಗಳಾಗಿ ವಿವರಿಸಿದರು. ಮೊದಲ ಹಂತದಲ್ಲಿ ಪ್ರತಿಯೊಂದು ಚಲನೆಯನ್ನೂ ಯೋಚಿಸಿ ಮಾಡುತ್ತೇವೆ, ಎರಡನೆಯದರಲ್ಲಿ ತಪ್ಪುಗಳು ಕಡಿಮೆಯಾಗಿ ಚಲನೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಮೂರನೆಯದರಲ್ಲಿ ಗಮನವೇ ಬೇಡದಂತೆ ಕೆಲಸ ನಡೆಯುತ್ತದೆ. ಸೈಕಲ್ ಕಲಿತವರಿಗೆಲ್ಲ ಇದು ಅನುಭವದಿಂದ ಗೊತ್ತು. ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಸಮಾಧಾನ ಕೊಟ್ಟಿದೆ: ಬೆರಳುಗಳಿಂದ ಒಂದು ಅನುಕ್ರಮವನ್ನು ವೇಗವಾಗಿ ಒತ್ತುವುದನ್ನು ಕಲಿತವರು ರಾತ್ರಿ ನಿದ್ದೆ ಮಾಡಿ ಎದ್ದಾಗ, ನಡುವೆ ಯಾವ ಅಭ್ಯಾಸವೂ ಇಲ್ಲದೆ, ಹಿಂದಿನ ದಿನಕ್ಕಿಂತ ವೇಗವಾಗಿ ಒತ್ತಿದ್ದನ್ನು 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ರಾತ್ರಿ ಎಷ್ಟು ತಿಣುಕಿದರೂ ಬಾರದ ಜಿ ಕಾರ್ಡ್ ಮರುದಿನ ಬೆಳಿಗ್ಗೆ ಕಾಫಿಗೆ ಮೊದಲು ಸಲೀಸಾಗಿ ಬಂದದ್ದು ನನ್ನ ಪುಸ್ತಕದಲ್ಲಿ ಎಷ್ಟೋ ಕಡೆ ದಾಖಲಾಗಿದೆ. ಆದ್ದರಿಂದ ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಕೂರುವುದು ಮೇಲೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ನಡುವೆ ಏಳು ರಾತ್ರಿಗಳು ಸಿಗುತ್ತವೆ.

ನಮ್ಮ ಹಿರಿಯರು ಇದನ್ನು ಪ್ರಯೋಗಾಲಯವಿಲ್ಲದೆಯೇ ಕಂಡುಕೊಂಡಿದ್ದರು. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬುವ ಪಾಠಕ್ರಮವನ್ನು ನೆನಪಿಸಿಕೊಳ್ಳಿ: ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಆಮೇಲೆ ಜಂಟಿ ವರಸೆ, ಆಮೇಲೆ ಅಲಂಕಾರ; ಒಂದೊಂದನ್ನೂ ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ಹಾಡಬೇಕು. ಅತ್ತೆ ಮೊದಲ ಕಾಲ ನೆಟ್ಟಗಾಗುವವರೆಗೆ ಎರಡನೆಯ ಕಾಲಕ್ಕೆ ಹೋಗಲು ಬಿಡುತ್ತಿರಲಿಲ್ಲ. ‘ಓಡಬೇಡ ಮಾರಾಯ, ತಾಳ ನಿನ್ನ ಮನೆಯದ್ದಲ್ಲ’ ಎನ್ನುತ್ತಿದ್ದರು. ಮೂವತ್ತು ವರ್ಷಗಳ ಬಳಿಕ ತಾಳದ ಪೆಟ್ಟು ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 50 ಪೆಟ್ಟಿಗೆ ಇಟ್ಟು ಜಿ, ಸಿ, ಡಿ ಬದಲಾಯಿಸಲು ಕುಳಿತಾಗ ನನಗೆ ಕೇಳಿಸಿದ್ದು ಅತ್ತೆಯ ಆ ಮಾತೇ. ನಾಲ್ಕು ಸುತ್ತು ಒಂದು ತಪ್ಪೂ ಇಲ್ಲದೆ ಬಂದರೆ 54ಕ್ಕೆ ಏರಿಸುತ್ತೇನೆ, ತಪ್ಪಿದರೆ ಮತ್ತೆ 50ಕ್ಕೆ ಇಳಿಯುತ್ತೇನೆ. ಇಳಿಯುವುದನ್ನು ಸೋಲೆಂದು ಎಣಿಸದಿರುವುದಕ್ಕೆ ನನಗೆ ಬಹಳ ದಿನ ಬೇಕಾಯಿತು.

ಬಲಗೈಯ ವಿಷಯ ಬೇಗ ಮುಗಿಸುತ್ತೇನೆ. ಎಡಗೈ ತಡವಾದರೆ ಬಲಗೈಯೂ ನಿಲ್ಲುವುದು ಎಲ್ಲ ಕಲಿಯುವವರ ಸಹಜ ತಪ್ಪು. ನಿಲ್ಲಿಸಬೇಡಿ. ಕಾರ್ಡ್ ಅರ್ಧವೇ ಕೂತಿದ್ದರೂ ಕೈ ತಾಳಕ್ಕೆ ಸರಿಯಾಗಿ ಮೇಲೆ ಕೆಳಗೆ ಆಡುತ್ತಿರಲಿ. ಕೇಳುವವರು ಮಬ್ಬಾದ ಒಂದು ಪೆಟ್ಟನ್ನು ಕ್ಷಮಿಸುತ್ತಾರೆ, ತಪ್ಪಿದ ತಾಳವನ್ನು ಕ್ಷಮಿಸುವುದಿಲ್ಲ.

ನೋವಿನ ಬಗ್ಗೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ, ಏಕೆಂದರೆ ಇಲ್ಲಿ ಕುಳಿತಿರುವ ಇಬ್ಬರು ಮೂವರು ಈಗಾಗಲೇ ಬೆರಳ ತುದಿಯನ್ನು ಉಜ್ಜಿಕೊಳ್ಳುತ್ತಿರುವುದನ್ನು ನೋಡಿದೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋದಷ್ಟಿರುತ್ತದೆ. ಮೊದಲ ವಾರಗಳಲ್ಲಿ ನೋವು ಸಹಜ; ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗಿ ನೋವು ಕಡಿಮೆಯಾಗುತ್ತದೆ. ವೀಣೆ ನುಡಿಸುವವರ ಬೆರಳುಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಎಲ್ಲ ನೋವನ್ನೂ ಸಹಿಸಬೇಕಾಗಿಲ್ಲ. ನಾನು ಕೊಂಡ ಮೊದಲ ಗಿಟಾರಿನಲ್ಲಿ ಹನ್ನೆರಡನೆಯ ಫ್ರೆಟ್‌ನ ಬಳಿ ತಂತಿಗಳು ನಾಲ್ಕು ಮಿಲಿಮೀಟರಿನಷ್ಟು ಮೇಲಿದ್ದವು. ಎರಡರಿಂದ ಎರಡೂವರೆ ಮಿಲಿಮೀಟರಿನಷ್ಟಿದ್ದರೆ ಕಲಿಯುವವರಿಗೆ ಅನುಕೂಲ. ಈ ಎತ್ತರಕ್ಕೆ ಆಕ್ಷನ್ ಎನ್ನುತ್ತಾರೆ. ಅಂಗಡಿಯವರು ಅದನ್ನು ಹೇಳಿರಲಿಲ್ಲ, ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಮೂರು ತಿಂಗಳು ಆ ವಾದ್ಯದ ದೋಷವನ್ನು ನನ್ನ ಬೆರಳುಗಳ ದೋಷವೆಂದು ತಿಳಿದು ಒದ್ದಾಡಿದೆ. ಕೊನೆಗೆ ವಾದ್ಯ ರಿಪೇರಿ ಮಾಡುವವರೊಬ್ಬರು ಸ್ಯಾಡಲ್ಲನ್ನು, ಅಂದರೆ ವೀಣೆಯಲ್ಲಿ ಕುದುರೆ ಮಾಡುವ ಕೆಲಸವನ್ನು ಇಲ್ಲಿ ಮಾಡುವ ಈ ಬಿಳಿಯ ಪಟ್ಟಿಯನ್ನು, ತಳದಲ್ಲಿ ಉಜ್ಜಿ ತಗ್ಗಿಸಿದರು. ಅರ್ಧ ಗಂಟೆಯ ಕೆಲಸ. ಮರುದಿನವೇ ನನ್ನ ಎಣಿಕೆಗಳು ಏರಿದವು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುವುದರಿಂದ ಆಕ್ಷನ್ ಮತ್ತೆ ಏರುತ್ತದೆ. ಜುಲೈಯಲ್ಲಿ ಕೈ ಭಾರವಾಯಿತೆಂದು ಅನ್ನಿಸಿದರೆ ನಿಮ್ಮನ್ನು ಬೈದುಕೊಳ್ಳುವ ಮೊದಲು ಗಿಟಾರನ್ನು ನೋಡಿ.

ಮರದ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳಲೇಬೇಕೆನ್ನಿಸುತ್ತದೆ, ಇದು ವಿಷಯದಿಂದ ತುಸು ಆಚೆಗಿದ್ದರೂ. ಈ ಗಿಟಾರಿನ ಹಿಂಬದಿ, ಪಕ್ಕೆಗಳು, ಬೆರಳು ಆಡುವ ಈ ಹಲಗೆ ಎಲ್ಲವೂ ಬೀಟೆ ಮರದ್ದು. ನಮ್ಮ ಹಳೆಯ ಮನೆಗಳ ಬಾಗಿಲು, ಮಂಚಗಳ ಅದೇ ಬೀಟೆ, ಪಶ್ಚಿಮ ಘಟ್ಟದ ಮರ. ಮೊದಲು ಅಮೆರಿಕದ ಗಿಟಾರ್ ತಯಾರಕರು ಬ್ರೆಜಿಲ್ಲಿನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾಗುತ್ತಾ ಬಂದಾಗ, 1960ರ ದಶಕದ ಕೊನೆಯಲ್ಲಿ, ಮಾರ್ಟಿನ್‌ನಂತಹ ಹೆಸರಾಂತ ಕಂಪನಿ ಭಾರತದ ಬೀಟೆಗೆ ಹೊರಳಿತು. 1992ರಲ್ಲಿ ಬ್ರೆಜಿಲ್ಲಿನ ಆ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಹಾಗಾಗಿ ಎಲ್ಲೋ ದೂರದ ದೇಶದ ಕೋಣೆಯಲ್ಲಿ ಕುಳಿತು ಸಿ ಕಾರ್ಡಿಗೆ ತಿಣುಕುತ್ತಿರುವ ಒಬ್ಬ ಹುಡುಗಿಯ ತೊಡೆಯ ಮೇಲೆ ನಮ್ಮ ಘಟ್ಟದ ಮರವಿರಬಹುದು. ಗಿಟಾರ್ ನಮ್ಮದಲ್ಲದ ವಾದ್ಯವೆಂದು ಯಾರಾದರೂ ಹೇಳಿದಾಗ ನಾನು ಈ ಹಿಂಬದಿಯನ್ನು ತಿರುಗಿಸಿ ತೋರಿಸುತ್ತೇನೆ.

ಹಿಂದಿನ ಸಾಲಿನಿಂದ ತಾಯಿಯೊಬ್ಬರು ಈಗ ವಯಸ್ಸಿನ ಪ್ರಶ್ನೆ ಕೇಳಿದ್ದಾರೆ. ಐವತ್ತೆಂಟರಲ್ಲಿ ಆರಂಭಿಸಿದರೆ ಬೆರಳು ಬಗ್ಗುತ್ತದೆಯೇ ಎಂದು. ಅಮ್ಮ, ನಿಮಗೆ ಎಲಿಜಬೆತ್ ಕಾಟನ್ ಅವರ ಬಗ್ಗೆ ಹೇಳುತ್ತೇನೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1893ರ ಸುಮಾರಿಗೆ ಹುಟ್ಟಿದ ಕಪ್ಪು ಮಹಿಳೆ ಅವರು. ಎಡಗೈ ಬಳಕೆಯವರಾದ ಅವರು ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನು ಹಾಗೆಯೇ ತಲೆಕೆಳಗಾಗಿ ಹಿಡಿದು, ಯಾರ ಪಾಠವೂ ಇಲ್ಲದೆ, ಮಂದ್ರದ ತಂತಿಗಳನ್ನು ಬೆರಳುಗಳಿಂದಲೂ ಮೇಲಿನ ರಾಗವನ್ನು ಹೆಬ್ಬೆರಳಿನಿಂದಲೂ ನುಡಿಸುವ ತಮ್ಮದೇ ದಾರಿಯನ್ನು ಕಂಡುಕೊಂಡರು. ಆಮೇಲೆ ಸಂಸಾರ, ಚರ್ಚು, ಮನೆಗೆಲಸಗಳ ನಡುವೆ ದಶಕಗಳ ಕಾಲ ಗಿಟಾರ್ ಬಿಟ್ಟುಹೋಯಿತು. ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಕೆಲಸಕ್ಕಿದ್ದಾಗ, ಗೋಡೆಯ ಮೇಲಿದ್ದ ಆ ಮನೆಯವರ ಗಿಟಾರನ್ನು ಎತ್ತಿಕೊಂಡು ಅವರು ಮತ್ತೆ ನುಡಿಸತೊಡಗಿದರು. ಅವರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1958ರಲ್ಲಿ, ಅಂದರೆ ಅರವತ್ತು ದಾಟಿದ ಮೇಲೆ. ಗ್ರ್ಯಾಮಿ ಪ್ರಶಸ್ತಿ ಬಂದದ್ದು ತೊಂಬತ್ತರ ಆಸುಪಾಸಿನಲ್ಲಿ. ನಿಮಗೂ ನನಗೂ ಗ್ರ್ಯಾಮಿ ಬೇಕಾಗಿಲ್ಲ. ಆದರೆ ದಶಕಗಳ ಬಳಿಕವೂ ಅವರ ಬೆರಳುಗಳು ದಾರಿಯನ್ನು ಮರೆತಿರಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ನೈಲಾನ್ ತಂತಿಯ ಗಿಟಾರಿನಿಂದ ಆರಂಭಿಸಿ. ಎರಡೇ ಬೆರಳಿನ ಇ ಮೈನರ್‌ನಿಂದ ಆರಂಭಿಸಿ. ಐದನೆಯ ಮತ್ತು ನಾಲ್ಕನೆಯ ತಂತಿಗಳ ಎರಡನೆಯ ಫ್ರೆಟ್, ಅಷ್ಟೇ. ಬೆರಳನ್ನು ಫ್ರೆಟ್‌ನ ಲೋಹದ ಪಟ್ಟಿಗೆ ಒತ್ತಿಕೊಂಡಂತೆ, ಅದರ ಹಿಂಭಾಗದಲ್ಲಿಯೇ ಇಟ್ಟರೆ ಅರ್ಧದಷ್ಟು ಬಲವೂ ಬೇಕಾಗುವುದಿಲ್ಲ.

ಇನ್ನು ನನ್ನ ಸದ್ಯದ ಕೆಲಸದ ಬಗ್ಗೆ ಹೇಳಿ ಗಿಟಾರನ್ನು ಕೆಳಗಿಡುತ್ತೇನೆ. ಎಫ್ ಮೇಜರ್. ಗಿಟಾರ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಈ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. ತೋರುಬೆರಳನ್ನು ಮೊದಲ ಫ್ರೆಟ್‌ನಲ್ಲಿ ಆರೂ ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಿ, ಉಳಿದ ಮೂರು ಬೆರಳುಗಳಿಂದ ಇ ಮೇಜರ್‌ನ ಆಕಾರವನ್ನು ಹಿಡಿಯಬೇಕು. ಬೆರಳು ನೆಟ್ಟಗಿದೆ ಎಂದು ನಮಗನ್ನಿಸಿದರೂ ಗೆಣ್ಣುಗಳ ಮಡಿಕೆಯಲ್ಲಿ ತಗ್ಗುಗಳಿರುತ್ತವೆ. ತಂತಿ ಆ ತಗ್ಗಿಗೆ ಸಿಕ್ಕಿದರೆ ಎಷ್ಟು ಒತ್ತಿದರೂ ನುಡಿಯುವುದಿಲ್ಲ. ಬೆರಳನ್ನು ಹೆಬ್ಬೆರಳಿನ ಕಡೆಗಿರುವ ಪಕ್ಕಕ್ಕೆ, ಮೂಳೆ ತಾಗುವ ಹಾಗೆ, ಸ್ವಲ್ಪ ಹೊರಳಿಸಬೇಕು. ಮೊದಲ ಫ್ರೆಟ್‌ನಲ್ಲಿ ತಂತಿ ಬಲು ಬಿಗಿಯೆನಿಸುವುದರಿಂದ ಮೇಷ್ಟ್ರು ನನಗೆ ಇದೇ ಆಕಾರವನ್ನು ಐದನೆಯ ಫ್ರೆಟ್‌ನಲ್ಲಿ ಹಿಡಿಸಿದರು. ಅಲ್ಲಿ ಅದು ಎ ಮೇಜರ್ ಆಗುತ್ತದೆ, ಮತ್ತು ಕೈಗೆ ಬಹಳ ಹಗುರವಾಗಿರುತ್ತದೆ. ಅಲ್ಲಿ ಆರೂ ತಂತಿಗಳು ನುಡಿದ ಮೇಲೆ ನಾಲ್ಕನೆಯ ಫ್ರೆಟ್‌ಗೆ ಇಳಿಯಬೇಕು, ಅಲ್ಲಿಂದ ಮೂರಕ್ಕೆ, ಅಲ್ಲಿ ಜಿ ಮೇಜರ್. ನನ್ನ ಪುಸ್ತಕದಲ್ಲಿ ಈ ಇಳಿತದ ತಾರೀಕುಗಳಿವೆ. ಐದರಿಂದ ಮೂರಕ್ಕೆ ಬರಲು ಒಂಬತ್ತು ವಾರ ಹಿಡಿಯಿತು, ಮೂರರಿಂದ ಎರಡಕ್ಕೆ ಆರು ವಾರ.

ಕಳೆದ ಗುರುವಾರ ರಾತ್ರಿ ಮೊದಲ ಬಾರಿಗೆ ಮೊದಲ ಫ್ರೆಟ್‌ನಲ್ಲಿ ಹಿಡಿದು ಒಂದೊಂದೇ ತಂತಿಯನ್ನು ಮೀಟಿದೆ. ಆರು, ಐದು, ನಾಲ್ಕು, ಮೂರು ನುಡಿದವು. ಒಂದನೆಯದೂ ನುಡಿಯಿತು. ಎರಡನೆಯ ತಂತಿ ಇನ್ನೂ ಟಪ್ಪೆನ್ನುತ್ತಿದೆ. ಈಗ ನಿಮ್ಮ ಮುಂದೆ ಎ ಮೈನರ್, ಎಫ್, ಸಿ, ಜಿ ಈ ನಾಲ್ಕನ್ನೂ ನಿಮಿಷಕ್ಕೆ 58ರ ವೇಗದಲ್ಲಿ ಎರಡು ಸುತ್ತು ನುಡಿಸುತ್ತೇನೆ. ಎಫ್ ಬಂದಾಗ ಆ ಎರಡನೆಯ ತಂತಿಯನ್ನು ಕಿವಿಗೊಟ್ಟು ಕೇಳಿ. ನಾಡಿದ್ದು ಗುರುವಾರ ಮೇಷ್ಟ್ರ ಬಳಿ ಪಾಠವಿದೆ, ಅಷ್ಟರೊಳಗೆ ಅದು ನುಡಿದರೆ ಪುಸ್ತಕದಲ್ಲಿ ತಾರೀಕು ಬರೆದಿಡುತ್ತೇನೆ.